ಮೊದಲು ನೀರು, ಆಮೇಲೆ ನೋಟ: ಘಾಟಿಯಂಚಿನಲ್ಲಿ ವೀಕ್ಷಣಾ ಕಟ್ಟೆ ಕಟ್ಟಿದ ಅನುಭವ

ಘಾಟಿ ರಸ್ತೆಯಲ್ಲಿ ಎಲ್ಲಿ ನಿಂತು ನೋಡಬೇಕು ಎಂದು ನಕ್ಷೆ ಬರೆಯುವವರು ಯೋಚಿಸುವ ಹೊತ್ತಿಗೆ ಜನ ಅದನ್ನು ಎಂದೋ ತೀರ್ಮಾನಿಸಿರುತ್ತಾರೆ. ಕುಳಿತು ಕುಳಿತು ನುಣುಪಾದ ತಡೆಗೋಡೆಯ ಕಲ್ಲು, ಡಾಂಬರಿನ ಅಂಚಿನಲ್ಲಿ ಹುಲ್ಲು ಸತ್ತ ಜಾಗ, ಕೆಳಗಿನ ಪೊದೆಗಳಲ್ಲಿ ಸಿಕ್ಕಿಕೊಂಡ ತಿಂಡಿ ಪೊಟ್ಟಣಗಳು ಇಷ್ಟು ಕಂಡರೆ ಸಾಕು, ಅಲ್ಲೊಂದು ನೋಟವಿದೆ ಎಂದು ತಿಳಿಯುತ್ತದೆ. ನನಗೆ ಕೆಲಸ ಬಂದದ್ದೂ ಅಂಥ ಜಾಗದಲ್ಲೇ. ಮಲೆನಾಡಿನಿಂದ ಕರಾವಳಿಗೆ ಇಳಿಯುವ ಒಂದು ಘಾಟಿಯ ನೆತ್ತಿಯಿಂದ ತುಸು ಕೆಳಗೆ, ರಜಾದಿನಗಳಲ್ಲಿ ವಾಹನಗಳು ಅಡ್ಡಾದಿಡ್ಡಿ ನಿಲ್ಲುತ್ತಿದ್ದ ಒಂದು ಮಗ್ಗುಲು. ಅಪಘಾತವಾಗುವ ಮೊದಲೇ ಅಲ್ಲೊಂದು ಸರಿಯಾದ ವೀಕ್ಷಣಾ ಕಟ್ಟೆ ಆಗಬೇಕು ಎಂಬುದು ಊರಿನವರ ಬೇಡಿಕೆಯಾಗಿತ್ತು. ಘಾಟಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕೆಲವೇ ಕಾರುಗಳಿಗೆಂದು ಮಾಡಿದ ಜಾಗಕ್ಕೆ ಸಾಲುಗಟ್ಟಿ ವಾಹನಗಳು ಬಂದರೆ ಅದನ್ನು ಕಟ್ಟಿದ ಉದ್ದೇಶವೇ ಕೆಡುತ್ತದೆ.

ನೋಟ ಅಲ್ಲಿ ಆಗಲೇ ಇದೆ, ಅದಕ್ಕೆ ವಾಸ್ತುಶಿಲ್ಪಿ ಸೇರಿಸಬೇಕಾದದ್ದು ಏನೂ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಾವು ಮಾಡಬೇಕಾದದ್ದು ಒಬ್ಬ ಮನುಷ್ಯ ಗಾಬರಿಯಿಲ್ಲದೆ, ಹಿಂದಿನಿಂದ ಲಾರಿ ಬಂದೀತೆಂಬ ಭಯವಿಲ್ಲದೆ ಒಂದಿಷ್ಟು ಹೊತ್ತು ನಿಲ್ಲಲು ನೆಲ ಒದಗಿಸುವುದು. ಅದೂ ಬೆಟ್ಟಕ್ಕೆ ನೋವಾಗದಂತೆ. ಹಾಗಾಗಿ ನನ್ನ ವಿನ್ಯಾಸದ ಕ್ರಮ ಮೊದಲು ನೀರು, ನಂತರ ವಾಹನ, ಕಡೆಯಲ್ಲಿ ನೋಟ ಎಂದಾಯಿತು. ಕೆಲಸ ಒಪ್ಪಿಸಿದ ಸಮಿತಿಯವರಿಗೆ ಇದು ತಲೆಕೆಳಗಾಗಿ ಕಂಡಿತು. ಅವರ ಮೊಬೈಲಿನಲ್ಲಿ ನಾರ್ವೆಯ ಸ್ಟೇಗಸ್ಟೈನ್ ಚಿತ್ರವಿತ್ತು. ಟಾಡ್ ಸಾಂಡರ್ಸ್ ಮತ್ತು ಟಾಮಿ ವಿಲ್ಹೆಲ್ಮ್‌ಸೆನ್ ವಿನ್ಯಾಸ ಮಾಡಿದ, 2006ರಲ್ಲಿ ತೆರೆದ ಆ ಕಟ್ಟೆ ಫ್ಯೋರ್ಡ್ ಎಂಬ ಕಡಿದಾದ ಕಡಲ ಕೊಲ್ಲಿಯ ನೀರಿನಿಂದ 650 ಮೀಟರ್ ಎತ್ತರದಲ್ಲಿ, ಬೆಟ್ಟದಿಂದ 30 ಮೀಟರ್ ಹೊರಕ್ಕೆ ಚಾಚಿಕೊಂಡಿದೆ. ಅದರ ತುದಿಯಲ್ಲಿ ಒಂದು ಗಾಜಿನ ಹಲಗೆ ಬಿಟ್ಟರೆ ಬೇರೆ ತಡೆ ಕಾಣುವುದಿಲ್ಲ. ನನಗೂ ಅದು ಬಹಳ ಇಷ್ಟವಾದ ಕೆಲಸ. ಆದರೆ ಅಲ್ಲಿ ಹಿಮನದಿಗಳು ಉಜ್ಜಿ ತೊಳೆದ ಬಂಡೆ ಕೈಗೇ ಸಿಗುತ್ತದೆ. ನಮ್ಮ ಘಟ್ಟದಲ್ಲಿ ಬಂಡೆಯ ಮೇಲೆ ಯುಗಯುಗಗಳ ಮಳೆಗೆ ಕೊಳೆತು ಮಣ್ಣಾದ ದಪ್ಪ ಪದರವಿರುತ್ತದೆ. ನಮ್ಮ ಕಟ್ಟೆ ಎಷ್ಟು ಚಾಚಬಹುದು ಎಂಬುದನ್ನು ಆ ಪದರವನ್ನು ನೋಡಿಯೇ ಹೇಳಬೇಕು.

ಮಣ್ಣನ್ನು ಓದಲು ನಾನು ಯಂತ್ರಕ್ಕಿಂತ ಮೊದಲು ಮರಗಳನ್ನು ನೋಡುತ್ತೇನೆ. ಇಳಿಜಾರಿನ ಮರ ಬುಡದಲ್ಲಿ ಕಣಿವೆಯ ಕಡೆಗೆ ಬಾಗಿ, ಆಮೇಲೆ ನೆಟ್ಟಗೆ ಮೇಲೆದ್ದಿದ್ದರೆ ಆ ಮಣ್ಣು ನಿಧಾನವಾಗಿ ಜಾರುತ್ತಿರಬಹುದು ಎಂದು ಅನುಮಾನಿಸಬೇಕು. ಮರ ವರ್ಷ ವರ್ಷವೂ ತನ್ನನ್ನು ನೆಟ್ಟಗೆ ಮಾಡಿಕೊಳ್ಳುತ್ತ ಬೆಳೆದಿರುತ್ತದೆ. ಊರಿನವರು ತೋರಿಸಿದ ಜಾಗದ ಎಡ ಅರ್ಧದಲ್ಲಿ ಇಂಥ ಮರಗಳು ಒತ್ತೊತ್ತಾಗಿದ್ದವು. ಬಲ ಅರ್ಧದ ಮರಗಳು ಬುಡದಿಂದಲೇ ನೇರವಾಗಿದ್ದವು. ಇಷ್ಟರಿಂದಲೇ ಕಟ್ಟೆ ಬಲಕ್ಕೆ ಸರಿಯಿತು. ಎಡದಿಂದ ಕಾಣುವ ಕಣಿವೆ ಇನ್ನೂ ಅಗಲವಾಗಿತ್ತು ನಿಜ, ಆದರೂ ಅದನ್ನು ಬಿಟ್ಟುಕೊಡಲು ನಾನು ಹಿಂದೆಮುಂದೆ ನೋಡಲಿಲ್ಲ.

ನಂತರ ಪರೀಕ್ಷಾ ಗುಂಡಿ ತೋಡಿಸಿದೆವು. ರಸ್ತೆಯಂಚಿಗೆ ತಾಗಿದ ಗುಂಡಿಯಲ್ಲಿ ಆಳುದ್ದ ಇಳಿದ ಮೇಲೂ ಹಳೆಯ ಡಾಂಬರಿನ ಹೆಂಟೆ ಮತ್ತು ಒಡೆದ ಬಾಟಲಿಯ ಚೂರು ಸಿಕ್ಕವು. ಅಂದರೆ ಅದು ಬೆಟ್ಟದ ಮೂಲ ಮಣ್ಣಲ್ಲ, ಹಿಂದೆಂದೋ ರಸ್ತೆ ಅಗಲ ಮಾಡಿದಾಗ ಒಳಬದಿಯಿಂದ ಕಡಿದು ಹೊರಬದಿಗೆ ಸುರಿದದ್ದು. ಘಾಟಿ ರಸ್ತೆಗಳ ಕಣಿವೆ ಕಡೆಯ ಅಂಚು ಎಷ್ಟೋ ಕಡೆ ಹೀಗೆಯೇ ಇರುತ್ತದೆ. ಮೇಲೆ ಹುಲ್ಲು ಬೆಳೆದಿರುವುದರಿಂದ ಗಟ್ಟಿ ನೆಲದಂತೆ ತೋರುತ್ತದೆ. ಕೆಳಗಿನ ಗುಂಡಿಗಳಲ್ಲಿ ಕೆಂಪು ಮಣ್ಣು ದಾಟಿದ ಮೇಲೆ ಶೇಡಿ ಬಂತು. ಬಿಳಿ, ಹಳದಿ, ನಸುಗೆಂಪು ಬಣ್ಣಗಳು ಕಲೆಸಿಕೊಂಡಿರುವ ಈ ಜೇಡಿಯ ಹೆಂಟೆ ಬೇಸಿಗೆಯಲ್ಲಿ ಎಷ್ಟು ಗಟ್ಟಿಯೆಂದರೆ ಗುದ್ದಲಿ ಎಗರುತ್ತದೆ. ಅದೇ ಹೆಂಟೆಯನ್ನು ಬಕೆಟ್ಟಿನ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಕೈಗೆತ್ತಿಕೊಂಡರೆ ಬೆರಳುಗಳ ನಡುವೆ ಬೆಣ್ಣೆಯಂತೆ ಜಾರಿಹೋಗುತ್ತದೆ. ಸಮಿತಿಯವರನ್ನು ಕರೆದು ಅವರ ಕೈಯಿಂದಲೇ ಇದನ್ನು ಮಾಡಿಸಿದೆ. ಚಾಚು ಕಟ್ಟೆಯ ಮಾತು ಅಲ್ಲಿಗೆ ನಿಂತಿತು. 2019ರ ಆಗಸ್ಟಿನಲ್ಲಿ, ಆಶ್ಲೇಷಾ ಮಳೆಯ ಹೊತ್ತಿಗೆ, ಚಾರ್ಮಾಡಿ ಘಾಟಿಯಲ್ಲಿ ಸಾಲುಸಾಲಾಗಿ ಗುಡ್ಡ ಕುಸಿದು ಸಂಚಾರ ನಿಂತದ್ದನ್ನು ಅವರೆಲ್ಲ ಕಂಡವರೇ. ಅದರ ಹಿಂದಿನ ವರ್ಷ ಕೊಡಗಿನಲ್ಲಿ ಆದದ್ದೂ ಅವರಿಗೆ ನೆನಪಿತ್ತು.

ನೀರಿನ ವಿಷಯದಲ್ಲಿ ನನಗೆ ನಿಜವಾದ ಗುರುವಾಗಿ ಸಿಕ್ಕವರು ಆ ರಸ್ತೆಯಲ್ಲೇ ಗ್ಯಾಂಗ್‌ಮನ್ ಆಗಿ ದುಡಿದು ನಿವೃತ್ತರಾದ ಹಿರಿಯರೊಬ್ಬರು. ಜಾಗದುದ್ದಕ್ಕೂ ನನ್ನ ಜೊತೆ ನಡೆದು ಒಂದು ಕಡೆ ಕತ್ತಿಯ ತುದಿಯಿಂದ ನೆಲ ತೋರಿಸಿದರು. "ಸಾರ್, ಪುನರ್ವಸು ಮಳೆ ಜೋರಾಗಿ ಹಿಡಿದ ವರ್ಷ ಇಲ್ಲಿ ಜಲ ಏಳುತ್ತದೆ. ಮೋರಿಗೆ ಹೋಗುವ ನೀರಲ್ಲ ಇದು, ಗುಡ್ಡದೊಳಗಿನದು. ಇದರ ದಾರಿಗೆ ಅಡ್ಡ ಕಟ್ಟಬೇಡಿ" ಎಂದರು. ಆಗ ಅಲ್ಲಿ ಒಣಗಿದ ಎಲೆಗಳ ಹೊರತು ಏನೂ ಇರಲಿಲ್ಲ. ಎಲೆ ಸರಿಸಿ ನೋಡಿದರೆ ಮಣ್ಣು ತೊಳೆದುಹೋಗಿ ಬೇರುಗಳು ಬತ್ತಲಾಗಿದ್ದವು. ನಕ್ಷೆಯಲ್ಲಿ ಅಲ್ಲಿ ಬರಬೇಕಿದ್ದ ಕಂಬವನ್ನು ತೆಗೆದು, ತೊಲೆಗಳ ನಡುವಿನ ಅಂತರ ಹೆಚ್ಚಿಸಿ ಆ ದಾರಿಯನ್ನು ಪೂರ್ತಿ ತೆರೆದು ಬಿಟ್ಟೆವು.

ಇಡೀ ಕಟ್ಟೆಯ ಸ್ವರೂಪ ಹುಟ್ಟಿದ್ದು ಈ ಮಾತಿನಿಂದ. ಕಲ್ಲು ಕಟ್ಟಿ ಒಳಗೆ ಮಣ್ಣು ತುಂಬಿ ಮೇಲೆ ನೆಲಹಾಸು ಹಾಕುವುದು ಅಗ್ಗದ ದಾರಿ. ಆದರೆ ಅದು ಬೆಟ್ಟದೊಳಗಿನ ನೀರಿಗೆ ಅಣೆಕಟ್ಟೆಯಾಗುತ್ತದೆ, ಜೊತೆಗೆ ಸಡಿಲ ಇಳಿಜಾರಿನ ಮೇಲೆ ಹೊಸ ಭಾರ ಹೇರುತ್ತದೆ. ಬದಲಿಗೆ ಕೆಲವೇ ಉಕ್ಕಿನ ಕಾಲುಗಳನ್ನು ಸುರಿದ ಮಣ್ಣು ಮತ್ತು ಶೇಡಿ ಎರಡನ್ನೂ ದಾಟಿಸಿ ಬಂಡೆಗೆ ಮುಟ್ಟಿಸಿದೆವು. ಬಂಡೆಯಲ್ಲಿ ರಂಧ್ರ ಕೊರೆದು ಸರಳು ಇಳಿಸಿ ಸಿಮೆಂಟು ಗಾರೆ ತುಂಬಿದೆವು. ಕಟ್ಟೆಯ ಅಡಿಯಲ್ಲಿ ನೀರು, ಗಾಳಿ, ಸಣ್ಣ ಪ್ರಾಣಿಗಳು ಮೊದಲಿನಂತೆಯೇ ಓಡಾಡುತ್ತವೆ. ನಿಲುಗಡೆ ಜಾಗದ ನೆಲವನ್ನು ಬೆಟ್ಟದ ಕಡೆಗೆ ಇಳಿಜಾರಾಗಿಸಿ, ಅಲ್ಲಿನ ಮಳೆನೀರು ರಸ್ತೆಯ ಬದಿ ಚರಂಡಿ ಸೇರಿ ಮೋರಿಯ ಮೂಲಕವೇ ದಾಟುವಂತೆ ಮಾಡಿದೆವು. ಕಣಿವೆಯ ಕಡೆಗೆ ಒಂದೇ ಧಾರೆಯಾಗಿ ನೀರು ಬಿಟ್ಟರೆ ಒಂದೇ ಮಳೆಗಾಲದಲ್ಲಿ ಕೊರಕಲು ಬೀಳುತ್ತದೆ. ಕಟ್ಟೆಯ ನೆಲಕ್ಕೆ ಬಿದ್ದ ಮಳೆಯಾದರೋ ಚಪ್ಪಡಿಗಳ ನಡುವಿನ ಸಂದುಗಳಿಂದ ಹನಿಹನಿಯಾಗಿ, ಕೆಳಗೆ ಹಾಸಿದ ಕಾಡುಕಲ್ಲಿನ ಮೇಲೆ ಹರಡಿಕೊಂಡು ಬೀಳುತ್ತದೆ.

ವಾಹನದ ವಿಷಯ. ತಿರುವಿನ ಮೂಗಿನಲ್ಲಿ ನೋಟ ಚೆನ್ನಾಗಿರುತ್ತದೆ, ಆದರೆ ಅಲ್ಲಿ ವಾಹನ ನಿಲ್ಲಿಸಬಾರದು. ರಸ್ತೆಗಳಿಗೆ ಮಾನಕ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಚಾಲಕನಿಗೆ ಅಡ್ಡಿ ಕಂಡು ವಾಹನ ನಿಲ್ಲಿಸಲು 45 ಮೀಟರ್ ಬೇಕು, 50 ಕಿ.ಮೀ. ಆದರೆ 60 ಮೀಟರ್. ಇಳಿಜಾರು, ಒದ್ದೆ ರಸ್ತೆ, ಕಾದ ಬ್ರೇಕು ಸೇರಿದರೆ ಇನ್ನೂ ಹೆಚ್ಚು. ನಾನು 60 ಮೀಟರನ್ನು ಕನಿಷ್ಠ ಎಂದು ಹಿಡಿದು, ನಿಲುಗಡೆಯ ಬಾಯಿ ಅಷ್ಟು ದೂರದಿಂದ ಕಾಣುವ ನೇರ ತುಂಡನ್ನು ಹುಡುಕಿದೆ. ಅದು ತಿರುವಿನಿಂದ ಸ್ವಲ್ಪ ಕೆಳಗೆ ಸಿಕ್ಕಿತು.

ನಾವು ಎಡಬದಿಯಲ್ಲಿ ವಾಹನ ಓಡಿಸುವವರು. ಅಲ್ಲಿ ಇಳಿಯುವವರಿಗೆ ಕಣಿವೆ ಎಡಕ್ಕೆ ಬರುತ್ತದೆ, ಏರುವವರಿಗೆ ಬಲಕ್ಕೆ. ಏರುವವರು ನಿಲ್ಲಿಸಬೇಕಾದರೆ ಎದುರು ಬರುವ ವಾಹನಗಳನ್ನು ಅಡ್ಡ ಹಾಯಬೇಕು, ಮತ್ತೆ ಹೊರಡುವಾಗಲೂ ಅದೇ ಪಾಡು. ಆದ್ದರಿಂದ ಕಟ್ಟೆಯ ಪಕ್ಕದ ನಿಲುಗಡೆಯನ್ನು ಇಳಿಯುವವರಿಗೆ ಮಾತ್ರ ಮೀಸಲಿಟ್ಟೆವು. ಏರುವವರು ನೆತ್ತಿಯ ಮೈದಾನದಲ್ಲಿ ಗಾಡಿ ನಿಲ್ಲಿಸಿ, ತಡೆಗೋಡೆಯ ಆಚೆ ಬದಿಯಲ್ಲಿ ಮಾಡಿದ ಕಾಲುದಾರಿಯಲ್ಲಿ ನಡೆದು ಬರುತ್ತಾರೆ. ಇದಕ್ಕೆ ಬಹಳ ವಿರೋಧ ಬಂತು. "ಅಷ್ಟು ದೂರ ಯಾರು ನಡೆಯುತ್ತಾರೆ?" ಎಂದು ಕೇಳಿದರು. ನಡೆಯುತ್ತಾರೆ. ಆ ದಾರಿಯ ಬದಿಯ ಕುರುಚಲು ಹೂವುಗಳ ಫೋಟೋ ತೆಗೆಯುತ್ತ ಬರುವವರನ್ನು ನಾನೇ ನೋಡಿದ್ದೇನೆ.

ನಿಲುಗಡೆಯಲ್ಲಿ ಎಷ್ಟು ವಾಹನ ಎಂಬ ಪ್ರಶ್ನೆಯನ್ನು ಕಾಗದದ ಮೇಲೆ ಸಣ್ಣದಾಗಿ ನೋಡುತ್ತಾರೆ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ. ಕಟ್ಟೆಯ ಮೇಲೆ ಒಮ್ಮೆಗೆ ಎಷ್ಟು ಜನ ಇರುತ್ತಾರೆ, ಕಸ ಎಷ್ಟು ಬೀಳುತ್ತದೆ, ಕಾಡಿಗೆ ಎಷ್ಟು ಗದ್ದಲ ಕೇಳಿಸುತ್ತದೆ ಎಲ್ಲವನ್ನೂ ಆ ಸಂಖ್ಯೆಯೇ ಆಳುತ್ತದೆ. ಆರು ಕಾರು ಮತ್ತು ಒಂದು ಟೆಂಪೊ ಟ್ರಾವೆಲರಿಗೆ ನಾನು ಅದನ್ನು ಸೀಮಿತಗೊಳಿಸಿದೆ. ಬಸ್ಸಿಗೆ ಜಾಗವಿಲ್ಲ, ಅದು ಮೈದಾನದಲ್ಲಿ ನಿಲ್ಲುತ್ತದೆ. ಹಾಗೆಂದು ಕಟ್ಟೆಯ ಬಲವನ್ನು ಕಡಿಮೆ ಲೆಕ್ಕ ಹಾಕಲಿಲ್ಲ. ಎರಡು ಬಸ್ಸಿನ ಶಾಲಾ ಮಕ್ಕಳು ಒಟ್ಟಿಗೆ ಬಂದು ಒಂದೇ ಮೂಲೆಗೆ ನುಗ್ಗುವ ದಿನ ಬಂದೇ ಬರುತ್ತದೆ. ಜನ ಗುಂಪುಗೂಡುವ ನೆಲಕ್ಕೆ ನಮ್ಮ ದೇಶದ ಕಟ್ಟಡ ಮಾನಕ ಹೇಳುವ, ಚದರ ಮೀಟರಿಗೆ ಹೆಚ್ಚುಕಡಿಮೆ 500 ಕಿಲೋ ಭಾರವನ್ನೇ ಹಿಡಿದೆವು.

ಈಗ ನೋಟಕ್ಕೆ ಬರುತ್ತೇನೆ. ಕಟ್ಟೆಯನ್ನು ರಸ್ತೆಯ ಮಟ್ಟದಿಂದ 1.2 ಮೀಟರ್ ಕೆಳಗೆ ಇಳಿಸಿದ್ದು ನನಗೆ ಅತ್ಯಂತ ತೃಪ್ತಿ ಕೊಟ್ಟ ನಿರ್ಧಾರ. ಅಷ್ಟು ಇಳಿದರೆ ವಾಹನಗಳು ಬೆನ್ನ ಹಿಂದೆ ತಡೆಗೋಡೆಯ ಮರೆಗೆ ಹೋಗುತ್ತವೆ, ಎಂಜಿನ್ನಿನ ಸದ್ದು ತಲೆಯ ಮೇಲಿಂದ ಸಾಗುತ್ತದೆ. ರಸ್ತೆಯಲ್ಲೇ ಹೋಗುವವರಿಗೂ ಕಟ್ಟೆಯ ಮೇಲಿನ ಜನ ಅಡ್ಡವಾಗುವುದಿಲ್ಲ, ನಿಲ್ಲದೆ ಸಾಗುವವರ ಪಾಲಿನ ಕಣಿವೆ ಅವರಿಗೆ ಉಳಿಯುತ್ತದೆ. ಮೆಟ್ಟಿಲು ಇಡಲಿಲ್ಲ. 12ಕ್ಕೆ 1ರ ಇಳಿಜಾರಿನಲ್ಲಿ 14.4 ಮೀಟರ್ ಓರೆದಾರಿ ಬೇಕಾಯಿತು. ನಡುವೆ ಒಂದು ಸಮತಟ್ಟು ಬಿಟ್ಟು ಅದನ್ನು ತಡೆಗೋಡೆಯ ಉದ್ದಕ್ಕೆ ಹೊಂದಿಸಿದೆವು. ಗಾಲಿಕುರ್ಚಿಯವರು, ಮಂಡಿನೋವಿನ ಅಜ್ಜಿಯರು, ಮಗುವನ್ನು ಎತ್ತಿಕೊಂಡವರು ಎಲ್ಲರೂ ಒಂದೇ ದಾರಿಯಲ್ಲಿ ಇಳಿಯುತ್ತಾರೆ.

ಕಂಬಿಯ ಎತ್ತರ ನನ್ನನ್ನು ಬಹಳ ಕಾಡಿತು. ಕೆಳಗೆ ಪ್ರಪಾತವಿರುವಾಗ 1.2 ಮೀಟರಿಗಿಂತ ಕಡಿಮೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಆದರೆ ಬೆಂಚಿನ ಮೇಲೆ ಕುಳಿತ ವಯಸ್ಕರ ಕಣ್ಣು ಇರುವುದೂ ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲೇ. ಅಡಿಕೆ ದಬ್ಬೆಗಳನ್ನು ಹಗ್ಗದಿಂದ ಬಿಗಿದು ನಿಜ ಅಳತೆಯಲ್ಲಿ ಒಂದು ಕಂಬಿ ನಿಲ್ಲಿಸಿ, ಗುಂಡಿ ತೋಡಲು ಬಂದಿದ್ದ ಹೆಂಗಸರನ್ನು ಹಲಗೆಯ ಮೇಲೆ ಕುಳ್ಳಿರಿಸಿ ಏನು ಕಾಣುತ್ತದೆ ಎಂದು ಕೇಳಿದೆ. "ದಬ್ಬೆಯೇ ಕಾಣುತ್ತದೆ, ಅದರಾಚೆ ಗುಡ್ಡ ಅರ್ಧ ಅರ್ಧ" ಎಂದರು. ಕಂಬಿಯ ಮೇಲಂಚು ದಿಗಂತದ ಗೆರೆಯ ಮೇಲೆಯೇ ಬಂದು ಕೂತಿತ್ತು. ಆಗ ಬೆಂಚಿನ ಸಾಲನ್ನು 45 ಸೆಂಟಿಮೀಟರ್ ಎತ್ತರದ ಜಗಲಿಯ ಮೇಲೆ ಏರಿಸಿ, ಕಂಬಿಯಿಂದ 2.4 ಮೀಟರ್ ಹಿಂದಕ್ಕೆ ಇಟ್ಟೆವು. ಕಣ್ಣು 1.65 ಮೀಟರಿಗೆ ಏರಿತು. ಈಗ ಕುಳಿತವರ ದೃಷ್ಟಿ ಕಂಬಿಯ ಮೇಲಿಂದ ದಿಗಂತಕ್ಕಿಂತ ಹತ್ತು ಡಿಗ್ರಿಯಷ್ಟು ಕೆಳಗಿನವರೆಗೂ ಇಳಿಯುತ್ತದೆ. ಕಣಿವೆಯ ಆಚೆ ಬದಿಯ ಕಾಡು, ಅದರ ನಡುವಿನ ತೋಟ, ಗದ್ದೆಯ ತುಂಡು ಎಲ್ಲ ಆ ಹತ್ತು ಡಿಗ್ರಿಯೊಳಗೇ ಇವೆ. ಬೆಂಚು ಹಿಂದೆ ಸರಿದದ್ದರಿಂದ ಅದನ್ನು ಹತ್ತಿ ಕಂಬಿ ದಾಟುವ ಅಪಾಯವೂ ತಪ್ಪಿತು. ಎಷ್ಟೋ ವೀಕ್ಷಣಾ ಸ್ಥಳಗಳಲ್ಲಿ ಬೆಂಚನ್ನು ಕಂಬಿಗೇ ತಾಗಿಸಿ ಇಟ್ಟಿರುವುದನ್ನು ನೋಡಿದಾಗ ನನಗೆ ಎದೆ ಝಲ್ಲೆನ್ನುತ್ತದೆ.

ಮಕ್ಕಳ ಕಣ್ಣಿಗೆ ಸರಳುಗಳ ನಡುವಿನ ಕಿಂಡಿಯೇ ಕಿಟಕಿ. ಅಡ್ಡ ಸರಳು ಏಣಿಯಾಗುತ್ತದೆಂದು ಎಲ್ಲವನ್ನೂ ಉದ್ದಕ್ಕೇ ನಿಲ್ಲಿಸಿ, ನಡುವೆ 10 ಸೆಂಟಿಮೀಟರ್ ಮೀರದ ಸಂದು ಬಿಟ್ಟೆವು. ಮೇಲಿನ ಕೈಹಿಡಿಯನ್ನು ಅಂಗೈಗಿಂತ ಅಗಲ ಮಾಡಿ ಒಳಕ್ಕೆ ಓರೆಯಾಗಿಸಿದೆ. ಮೊಣಕೈ ಊರಿ ನಿಲ್ಲಲು ಅದು ಹಿತ, ಆದರೆ ಅದರ ಮೇಲೆ ಕುಳಿತುಕೊಳ್ಳಲು ಆಗುವುದಿಲ್ಲ, ಬಾಟಲಿ ಇಟ್ಟರೆ ಒಳಕ್ಕೇ ಜಾರುತ್ತದೆ.

ಕಟ್ಟೆ ಯಾವ ದಿಕ್ಕಿಗೆ ಮುಖ ಮಾಡಬೇಕು ಎಂಬುದರಲ್ಲಿ ಸೂರ್ಯಾಸ್ತಕ್ಕೆ ಹೆಸರಾದ ಆಗುಂಬೆ ಪಾಠ ಹೇಳಿತು. ಸೂರ್ಯಾಸ್ತ ಎಂದರೆ ಪಶ್ಚಿಮ ಎಂದು ಸುಮ್ಮನೆ ಹೇಳಿಬಿಡುತ್ತೇವೆ. ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಯ ವೇಳೆ ಸೂರ್ಯ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ ಮುಳುಗುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಮಂಜು. ಸೂರ್ಯ ಕಾಣುವುದೇ ಅಪರೂಪ. ಆಕಾಶ ತಿಳಿಯಾಗುವ ನವೆಂಬರಿನಿಂದ ಫೆಬ್ರುವರಿಯ ತನಕ ಅವನು ಪಶ್ಚಿಮಕ್ಕಿಂತ ದಕ್ಷಿಣದ ಕಡೆಗೇ ಇರುತ್ತಾನೆ. ಹಾಗಾಗಿ ಕಟ್ಟೆಯ ಉದ್ದ ಅಂಚನ್ನು ತುಸು ನೈಋತ್ಯಕ್ಕೆ ತಿರುಗಿಸಿದೆ. ಸಮುದ್ರದ ಲೆಕ್ಕವನ್ನೂ ಹಾಕಿ ನೋಡಿದ್ದೆ. ಆಗುಂಬೆಯ ಎತ್ತರ, ಅಂದರೆ ಸುಮಾರು 640 ಮೀಟರಿನಿಂದ ದಿಗಂತ 90 ಕಿ.ಮೀ. ದೂರದಲ್ಲಿರುತ್ತದೆ, ಕರಾವಳಿ ಅದಕ್ಕಿಂತ ಬಹಳ ಈಚೆಗೇ ಇದೆ. ಗಾಳಿ ಶುದ್ಧವಾಗಿರುವ ಸಂಜೆ ಸಮುದ್ರ ಬೆಳ್ಳಿಗೆರೆಯಾಗಿ ಹೊಳೆಯುವುದು ಇದರಿಂದಲೇ.

ಚಾವಣಿ ಬೇಕೆಂದು ಬಹಳ ಜನ ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಕಟ್ಟಡದ ಬಲ ಲೆಕ್ಕ ಹಾಕಲು ಹಿಡಿಯಬೇಕಾದ ಮಂಗಳೂರಿನ ಮೂಲ ಗಾಳಿವೇಗವನ್ನು ನಮ್ಮ ಮಾನಕ ಸೆಕೆಂಡಿಗೆ 39 ಮೀಟರ್ ಎಂದು ಹೇಳುತ್ತದೆ, ಅಂದರೆ ಗಂಟೆಗೆ 140 ಕಿ.ಮೀ. ಬೆಟ್ಟದ ಏಣಿನ ಮೇಲೆ ಗಾಳಿ ಇನ್ನೂ ರಭಸ ಪಡೆಯುವುದರಿಂದ ಅದನ್ನು 1.36ರವರೆಗೆ ಗುಣಿಸಬೇಕಾಗಬಹುದು. ಚಾವಣಿಯಿದ್ದರೆ ಆ ಗಾಳಿ ಇಡೀ ಕಟ್ಟೆಯನ್ನು ಮೇಲಕ್ಕೆ ಎಳೆಯುತ್ತದೆ, ಅದಕ್ಕೆ ತಕ್ಕಂತೆ ಕಾಲುಗಳು ದಪ್ಪವಾಗುತ್ತವೆ, ಬುನಾದಿ ದೊಡ್ಡದಾಗುತ್ತದೆ, ಅಗೆತ ಹೆಚ್ಚುತ್ತದೆ. ಮಳೆಗೆ ಕೊಡೆ ಇದೆ.

ಸಾಮಗ್ರಿಯ ಆಯ್ಕೆಯಲ್ಲಿ ಹಾವಸೆಯೇ ದೊಡ್ಡ ಶತ್ರು. ನಯಗೊಳಿಸಿದ ಗ್ರಾನೈಟ್ ಮೊದಲ ಮಳೆಗಾಲದಲ್ಲೇ ಜಾರುಬಂಡೆಯಾಗುತ್ತದೆ. ನಾವು ಕಲ್ಲಿನ ಪಟ್ಟಿಗಳಿಗೆ ನಡೆಯುವ ದಿಕ್ಕಿಗೆ ಅಡ್ಡವಾಗಿ ಉಳಿಯಿಂದ ಗೀರು ಹೊಡೆಸಿದೆವು. ತನ್ನ ತುಕ್ಕನ್ನೇ ಹೊದಿಕೆ ಮಾಡಿಕೊಳ್ಳುವ ಉಕ್ಕು ಈಗ ವಾಸ್ತುಶಿಲ್ಪಿಗಳಿಗೆ ಅಚ್ಚುಮೆಚ್ಚು. ಆದರೆ ಆ ಹೊದಿಕೆ ಗಟ್ಟಿಯಾಗಲು ನಡುನಡುವೆ ಒಣಗಲೇಬೇಕು, ತಿಂಗಳುಗಟ್ಟಲೆ ನೆನೆಯುವ ನಮ್ಮ ಘಟ್ಟಕ್ಕೆ ಅದು ಹೊಂದುವುದಿಲ್ಲ. ಸತು ಲೇಪಿಸಿದ ಉಕ್ಕಿಗೆ ಕಾಡಿನ ನೆರಳಿನ ಬಣ್ಣ ಬಳಿದೆವು. ಲೇಪವಾದ ಮೇಲೆ ಬೆಸುಗೆ ಹಾಕಿದರೆ ಸತು ಸುಟ್ಟುಹೋಗುತ್ತದೆ. ಅದಕ್ಕಾಗಿ ಎಲ್ಲ ಬೆಸುಗೆಯನ್ನೂ ಕಾರ್ಖಾನೆಯಲ್ಲೇ ಮುಗಿಸಿ, ನಾಲ್ಕು ಜನ ಹೊರಬಲ್ಲ ತುಂಡುಗಳಾಗಿ ತಂದು, ಸ್ಥಳದಲ್ಲಿ ಬೋಲ್ಟ್ ಮಾತ್ರ ಬಿಗಿದೆವು. ಕ್ರೇನ್ ತಂದು ಘಾಟಿ ಬಂದ್ ಮಾಡುವ ಅಗತ್ಯವೂ ಬೀಳಲಿಲ್ಲ. ಸಿಮೆಂಟಿನಲ್ಲಿ ಮರದ ದಿಮ್ಮಿಯ ಆಕಾರ ಮಾಡಿ ಬಣ್ಣ ಬಳಿದ ಕಂಬಿ, ಊರ ಹೆಸರಿನ ದೊಡ್ಡ ಅಕ್ಷರಗಳು, ಸೆಲ್ಫಿ ಚೌಕಟ್ಟು ಯಾವುದನ್ನೂ ಸೇರಿಸಲಿಲ್ಲ. ನಿಜವಾದ ಮರ ಪಕ್ಕದಲ್ಲೇ ನಿಂತಿರುವಾಗ ಅದರ ನಕಲನ್ನು ಮಾಡುವುದು ಆ ಜಾಗಕ್ಕೆ ತೋರುವ ಅಗೌರವ.

ಆ ನಿಜವಾದ ಮರ ಒಂದು ನೇರಳೆ. ನೋಟಕ್ಕೆ ಅಡ್ಡವೆಂದು ಕಡಿಯುವ ಸಲಹೆ ಬಂದಿತ್ತು. ಘಟ್ಟದ ಕಾಡಿನಲ್ಲಿ ಸಿಂಗಳೀಕಗಳು ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೇ ಸಾಗುತ್ತವೆ. ಒಂದು ಮರ ಹೋದರೆ ಆ ದಾರಿ ತುಂಡಾಗಬಹುದು. ಕಟ್ಟೆಯ ಅಂಚನ್ನೇ ಮರದ ಸುತ್ತ ಒಳಕ್ಕೆ ತಂದೆವು. ಈಗ ಬೇಸಿಗೆಯ ಮಧ್ಯಾಹ್ನ ಬಂದವರು ಮೊದಲು ಹೋಗಿ ನಿಲ್ಲುವುದು ಅದರ ನೆರಳಿಗೆ.

ಕಟ್ಟೆಯ ಮೇಲೆ ಕಸದ ಬುಟ್ಟಿ ಇಡಲಿಲ್ಲ. ದಿನಕ್ಕೊಮ್ಮೆ ಖಾಲಿ ಮಾಡುವವರು ಇಲ್ಲದ ಕಡೆ ಬುಟ್ಟಿ ಮಂಗಗಳಿಗೆ ಊಟದ ತಟ್ಟೆಯಾಗುತ್ತದೆ. ತಿನ್ನುವ ಆಸೆಗೆ ರಸ್ತೆಗಿಳಿದ ಮಂಗಗಳು ಚಕ್ರದಡಿ ಸಾಯುತ್ತವೆ. ಬುಟ್ಟಿ, ಶೌಚಾಲಯ, ಅಂಗಡಿ ಮೂರೂ ನೆತ್ತಿಯ ಮೈದಾನದಲ್ಲಿವೆ. ಅಲ್ಲಿ ಊರಿನ ಸ್ತ್ರೀಶಕ್ತಿ ಸಂಘದವರು ಚಹಾ, ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಮುಳ್ಳುಸೌತೆ ಮಾರುತ್ತಾರೆ. ಕಟ್ಟೆಯ ಪಕ್ಕದಲ್ಲೇ ಅಂಗಡಿ ಬೇಕೆಂದು ಅವರು ಮೊದಲು ಕೇಳಿದ್ದರು. ಹೆಚ್ಚಿನ ಗಾಡಿಗಳು ನಿಲ್ಲುವುದು ಮೈದಾನದಲ್ಲಿ ಎಂದಾದ ಮೇಲೆ ಅವರೇ ಅಲ್ಲಿಗೆ ಬರಲು ಒಪ್ಪಿದರು.

ರೆಡ್ ಅಲರ್ಟ್ ಘೋಷಣೆಯಾದ ದಿನ ಓರೆದಾರಿಯ ಬಾಯಿಗೆ ಸರಪಳಿ ಬೀಳುತ್ತದೆ. ಜೂನ್ ಮೊದಲು ಚರಂಡಿ ಮತ್ತು ಮೋರಿಯ ಬಾಯಿ ಬಿಡಿಸಬೇಕು, ಮಳೆಗಾಲ ಮುಗಿದೊಡನೆ ಬೋಲ್ಟುಗಳನ್ನು ತಟ್ಟಿ ನೋಡಿ, ಹಾವಸೆಯನ್ನು ಗಟ್ಟಿ ಪೊರಕೆಯಿಂದ ಉಜ್ಜಬೇಕು. ಇದನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿಗೆ ಕೊಟ್ಟಿದ್ದೇನೆ. ಜೊತೆಗೆ ಪ್ರತಿ ಕಾಲಿನ ಬುಡದಲ್ಲಿ ಹಿತ್ತಾಳೆಯ ಮೊಳೆ ಬಡಿದು, ಬೆಟ್ಟದ ಬದಿಯ ಬಂಡೆಯ ಮೇಲಿನ ಗುರುತಿನಿಂದ ಅದಕ್ಕಿರುವ ದೂರ ಮತ್ತು ಎತ್ತರವನ್ನು ಮಳೆಗಾಲದ ನಂತರ ಅಳೆಯುತ್ತಾ ಬಂದಿದ್ದೇವೆ. ಕಾಲುಗಳು ಕದಲಿಲ್ಲ. ನಿಲುಗಡೆಯ ಹೊರ ಅಂಚಿನಲ್ಲಿ ಮಾತ್ರ ಕೂದಲೆಳೆಯ ಬಿರುಕೊಂದು ಕಾಣಿಸಿಕೊಂಡಿದೆ. ಅದು ಆ ಸುರಿದ ಮಣ್ಣಿನ ಜಾಗ, ಕೂರುವುದು ನಿರೀಕ್ಷಿತವೇ ಆಗಿತ್ತು. ನೀರಿಳಿಯದಂತೆ ಅದಕ್ಕೆ ಡಾಂಬರು ತುಂಬಿಸಿ, ಎರಡೂ ಬದಿಗೆ ಗುರುತು ಹಾಕಿದ್ದೇವೆ. ಅಂತರ ಹೆಚ್ಚಿದರೆ ಆ ಬದಿಯ ಎರಡು ಕಾರುಗಳ ಜಾಗವನ್ನು ಮುಚ್ಚಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿದ್ದೇನೆ.